ಸೀರಿಯಲ್ ಕಮಾಂಡ್ ಹೋದರೂ ಆಂಪ್ಲಿಫೈಯರ್ ಕೇಳದಿದ್ದರೆ

ಸೀರಿಯಲ್ ಪೋರ್ಟ್ ಮೂಲಕ ಆಂಪ್ಲಿಫೈಯರ್‌ಗೆ ಕಮಾಂಡ್ ಕಳಿಸುವ ಸಾಫ್ಟ್‌ವೇರ್ ಮಾಡ್ಯೂಲ್ 'ಕನೆಕ್ಟೆಡ್' ಎಂದು ತೋರಿಸಿದರೂ ವಾಲ್ಯೂಮ್ ಬದಲಾಗುತ್ತಿಲ್ಲ ಎಂದಿದ್ದೀರಿ. ಪೋರ್ಟ್ ತೆರೆದಿದೆ ಎಂಬುದಷ್ಟೇ ಅದರ ಅರ್ಥ. ಆಂಪ್ಲಿಫೈಯರ್ ಕಡೆಯ ತುದಿ ಬಿಚ್ಚಿ, 9 ಪಿನ್ ಕನೆಕ್ಟರ್‌ನ 2 ಮತ್ತು 3ನೇ ಪಿನ್‌ಗಳನ್ನು ತಂತಿಯಿಂದ ಜೋಡಿಸಿ, ಸೀರಿಯಲ್ ಟರ್ಮಿನಲ್ ಪ್ರೋಗ್ರಾಂ‌ನಲ್ಲಿ ಟೈಪ್ ಮಾಡಿ. ಅದೇ ಅಕ್ಷರ ವಾಪಸ್ ಬಂದರೆ ಪೋರ್ಟೂ ಕೇಬಲೂ ಸರಿ. ತಂತಿ ತೆಗೆದು ಕೇಬಲನ್ನು ಮತ್ತೆ ಆಂಪ್ಲಿಫೈಯರ್‌ಗೆ ಜೋಡಿಸಿದ ಮೇಲೂ ಉತ್ತರವೇ ಇಲ್ಲದಿದ್ದರೆ ನೇರ ಕೇಬಲ್ ಬದಲು 2–3 ಅದಲುಬದಲಾದ ನಲ್ ಮೋಡೆಮ್ ಕೇಬಲ್ ಹಾಕಿ. ಈಗಿರುವುದು ಅದೇ ಆಗಿದ್ದರೆ ನೇರದ್ದು. ಉತ್ತರ ಬಂದರೂ ಅಕ್ಷರಗಳು ಕಲಸಿದ್ದರೆ ಎರಡೂ ಕಡೆಯ ಬಾಡ್ ರೇಟ್ (ಡೇಟಾ ಕಳಿಸುವ ವೇಗ) ತಾಳೆಯಾಗುತ್ತಿಲ್ಲ.

ನನಗೆ ಹೆಚ್ಚು ಅನುಮಾನ ಕಮಾಂಡ್‌ನ ಕೊನೆಯ ಕ್ಯಾರೇಜ್ ರಿಟರ್ನ್ (ಕಮಾಂಡ್ ಮುಗಿಯಿತೆಂದು ಹೇಳುವ, ಕಣ್ಣಿಗೆ ಕಾಣದ ಗುರುತು) ಮೇಲೆ. ಮ್ಯಾನುಯಲ್ ಅದನ್ನು ಕೇಳಿದ್ದರೆ ಹೆಕ್ಸ್ 0D ಎಂಬ ಒಂದೇ ಬೈಟ್ ಹೋಗಬೇಕು. ಕೆಲವು ಮಾಡ್ಯೂಲ್‌ಗಳು ಬ್ಯಾಕ್‌ಸ್ಲ್ಯಾಶ್ ಮತ್ತು ಆರ್ (\r) ಎಂದು ಎರಡು ಅಕ್ಷರಗಳನ್ನೇ ಕಳಿಸಿಬಿಡುತ್ತವೆ. ಹೆಕ್ಸ್ ಮೋಡ್‌ನಲ್ಲಿ ಕಳಿಸಿ ನೋಡಿ. ಪೋರ್ಟ್ ಸೆಟ್ಟಿಂಗ್‌ನಲ್ಲಿ ಫ್ಲೋ ಕಂಟ್ರೋಲ್ (ಡೇಟಾ ಹರಿವನ್ನು ತಡೆದು ಬಿಡುವ ವ್ಯವಸ್ಥೆ) ಆಫ್ ಇರಲಿ, ಆಂಪ್ಲಿಫೈಯರ್ ಸ್ಟ್ಯಾಂಡ್‌ಬೈನಲ್ಲಿ ಇರದಿರಲಿ.