ತಗಡಿನ ದಂಬೆ: ಕ್ಲೀನ್ ಮಾಡಿದ್ರೆ ಸಾಕಾ, ಬದಲಿಸಬೇಕಾ?

ಸಾಗರದ ಕಡೆ ಹಂಚಿನ ಮನೆ, ಸೂರಿನ ನೀರು ಹಿಡಿಯೋ ಇಪ್ಪತ್ತು ವರ್ಷದ ಜಿಐ (ಸತು ಲೇಪಿಸಿದ ಕಬ್ಬಿಣದ ತಗಡು) ದಂಬೆ ಮೂರ್ನಾಲ್ಕು ಕಡೆ ಸೋರಿ ಗೋಡೆ ನೆನೀತಿದೆ, ಅಂಗಡಿಯವರು ಪೂರ್ತಿ ಪಿವಿಸಿ ಹಾಕಿಸಿ ಅಂತಿದ್ದಾರೆ ಅಂತ ಕೇಳಿದ್ದೀರಿ. ಅಡ್ವಾನ್ಸ್ ಕೊಡೋ ಮುಂಚೆ ಸೋರೋದು ಜಾಯಿಂಟಾ, ತಳವಾ ನೋಡಿ.

ಮೊದಲು ಇಳಿಪೈಪಿನ ಬಾಯಿಗೆ ಬಟ್ಟೆ ತುರುಕಿ, ಕಸವನ್ನೆಲ್ಲ ಕೈಯಲ್ಲೇ ಬಾಚಿ ತೆಗೀರಿ. ನೀರು ಬಿಟ್ಟು ತಳ್ಳಿದ್ರೆ ಪೈಪಿನ ಬೆಂಡಲ್ಲಿ ಕಟ್ಟಿಕೊಳ್ಳುತ್ತೆ. ಏಣಿಯನ್ನು ದಂಬೆಗೆ ಒರಗಿಸಬೇಡಿ. ಕ್ಲಾಂಪ್ ಬಗ್ಗಿ ವಾಟ, ಅಂದ್ರೆ ನೀರು ಹರಿಯೋ ಇಳಿಜಾರು, ಹೋಗೋದೇ ಹಾಗೆ. ಸೂರಿನ ಹತ್ರ ಕರೆಂಟಿನ ಸರ್ವಿಸ್ ವೈರ್ ಇದ್ದರೆ ಲೈನ್ ಆಫ್ ಮಾಡಿಸಿಯೇ ಹತ್ತಿ.

ಒಣಗಿದ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ತಳವನ್ನು ಅಡಿಗೊಂದು ಕಡೆ ಒತ್ತುತ್ತಾ ಹೋಗಿ. ಬಿಳಿ ಪುಡಿ ಸತುವಿನದು, ಗಾಬರಿ ಬೇಡ. ಕೆಂಪು ತುಕ್ಕು ಬಂದಲ್ಲಿ ಸತು ಮುಗಿದು ಕಬ್ಬಿಣ ಸವೀತಿದೆ. ತುದಿ ಒಳಗೆ ಇಳಿದರೆ, ತಗಡು ಪದರ ಪದರವಾಗಿ ಎದ್ದರೆ ಆ ಪೀಸು ಮುಗೀತು, ಟೇಪ್ ಹಾಕಿ ದುಡ್ಡು ಕಳೀಬೇಡಿ. ಒಂದೆರಡು ಪೀಸಾದ್ರೆ ಅಷ್ಟೇ ಬದಲಿಸಿ. ಅರ್ಧಕ್ಕಿಂತ ಹೆಚ್ಚು ಹೀಗಿದ್ರೆ ಮಾತ್ರ ಪೂರ್ತಿ ಹೊಸದು.

ತಳ ಗಟ್ಟಿ ಇದ್ರೆ ಪೈಪಿನ ಬಟ್ಟೆ ತೆಗೆದು ಮೇಲ್ತುದಿಯಲ್ಲಿ ಒಂದು ಬಕೆಟ್ ನೀರು ಹುಯ್ಯಿರಿ. ಮಧ್ಯೆ ನಿಂತರೆ ಅದು ವಾಟದ ತೊಂದರೆ. 10 ಅಡಿಗೆ ಅರ್ಧದಿಂದ ಮುಕ್ಕಾಲು ಇಂಚು ಇಳಿಜಾರು ಬೇಕು, ದಾರ ಕಟ್ಟಿ ಕ್ಲಾಂಪ್ ಎತ್ತಿಸಿ. ಕ್ಲಾಂಪುಗಳು ಎರಡೂವರೆ ಅಡಿಗಿಂತ ದೂರ ಇದ್ರೆ ನಡುವೆ ಇನ್ನೊಂದು ಸೇರಿಸಿ.

ಜಾಯಿಂಟ್ ಸೋರಿದ್ರೆ ರಿವೆಟ್ ಬಿಚ್ಚಿ, ವೈರ್ ಬ್ರಷ್ ಹಾಕಿ, ಮೇಲಿನ ಪೀಸು ಕೆಳಗಿನದರ ಒಳಗೆ 4 ಇಂಚಾದ್ರೂ ಕೂರೋ ಹಾಗೆ ಮಾಡಿ ಮತ್ತೆ ರಿವೆಟ್ ಹೊಡೆಸಿ. ಉಲ್ಟಾ ಕೂತರೆ ಯಾವ ಅಂಟೂ ಉಳಿಯಲ್ಲ. ಎರಡು ಪೀಸಿನ ಮಧ್ಯೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಇರಲಿ. ವಿನಿಗರ್ ವಾಸನೆಯ ಸಿಲಿಕೋನ್ ಸತುವನ್ನೇ ತಿನ್ನುತ್ತೆ, ಅದು ಬೇಡ.

ಪಿವಿಸಿಗೆ ತುಕ್ಕಿಲ್ಲ, ನಿಜ. ಆದ್ರೆ ಮಂಗಗಳ ಕಾಟ ಇರೋ ಕಡೆ, ತೆಂಗಿನ ಹೆಡೆ ಬೀಳೋ ಕಡೆ ನಾನಂತೂ ಹೇಳಲ್ಲ. ಹಾಕೋದೇ ಆದ್ರೆ ಎರಡಡಿಗೊಂದು ಕ್ಲಾಂಪ್ ಕೊಡಿಸಿ. ಬಿಸಿಲಿಗೆ 10 ಅಡಿ ಪೀಸು 3–4 ಮಿ.ಮೀ. ಹಿಗ್ಗುತ್ತೆ, ಜಾಯಿಂಟಲ್ಲಿ ಆ ಜಾಗ ಬಿಡದಿದ್ರೆ ಸೊಟ್ಟಗಾಗುತ್ತೆ.

ಯಾವುದೇ ಹಾಕಿ, ಪಕಾಸಿಯ (ಹಂಚು ಹೊರೋ ಇಳಿಜಾರು ಮರದ) ತುದಿ ಮೊದಲು ಕುಟ್ಟಿ ನೋಡಿ. ಗೆದ್ದಲು ಹಿಡಿದು ಟೊಳ್ಳಾಗಿದ್ರೆ ಬಡಗಿ ಕೆಲಸ ಮುಗಿಸಿಯೇ ದಂಬೆಗೆ ಕೈ ಹಾಕಿ. ನೀರು ತುಂಬಿದ ದಂಬೆಯ ಭಾರಕ್ಕೆ ಟೊಳ್ಳು ಮರದಲ್ಲಿ ಕ್ಲಾಂಪಿನ ಸ್ಕ್ರೂ ನಿಲ್ಲಲ್ಲ.