ದಾನದ ಪೀಠೋಪಕರಣ ಹಂಚುವ ಸಂಸ್ಥೆ ಕಟ್ಟುವುದು ಹೇಗೆ?

ಗೋದಾಮಿಗೆ ಜಾಗ ಸಿಕ್ಕಿದೆ, ಹಳೆಯ ಮಂಚ, ಸೋಫಾ ಕೊಡುವವರೂ ಇದ್ದಾರೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಇದೇ ಕೆಲಸ ಮಾಡುತ್ತಿರುವವಳಾಗಿ ಹೇಳುತ್ತೇನೆ: ಸಾಮಾನು ತರಿಸುವುದನ್ನು ಸದ್ಯಕ್ಕೆ ತಡೆಹಿಡಿಯಿರಿ. ಮೊದಲು ಬೇಕಾದವರು ಯಾರು, ಏನು ಬೇಕು ಅನ್ನುವ ಪಟ್ಟಿ ಮಾಡಿ.

ಕೊಡುವವರಿಗೆ ಮನೆ ಖಾಲಿಯಾದರೆ ಸಾಕಿರುತ್ತದೆ. ಅವರಿಂದ ಬರುವುದು ಹೆಚ್ಚಾಗಿ ದೊಡ್ಡ ಸೋಫಾ, ಶೋಕೇಸು, ಟಿವಿ ಸ್ಟ್ಯಾಂಡು. ಪ್ರವಾಹದಲ್ಲಿ ಮನೆ ಕಳೆದುಕೊಂಡವರು, ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಂದ ಹೆಂಗಸರು ಕೇಳುವುದೇ ಬೇರೆ: ಮಲಗಲು ಮಂಚ, ಹಾಸಿಗೆ, ಬೀಗ ಹಾಕಬಹುದಾದ ಒಂದು ಬೀರು. ಅವರ ಕೋಣೆಯ ಅಳತೆ, ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹೊತ್ತು ತಂದ ಬೀರು ಬಾಗಿಲಲ್ಲೇ ನಿಲ್ಲುತ್ತದೆ.

ಎರಡನೆಯದು, 'ಬೇಡ' ಅನ್ನಲು ಗಟ್ಟಿ ಮನಸ್ಸು ಮಾಡಿ. ಫೋಟೋ ನೋಡದೆ ಏನನ್ನೂ ಒಪ್ಪಿಕೊಳ್ಳಬೇಡಿ. ಪಾರ್ಟಿಕಲ್ ಬೋರ್ಡಿನ (ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆಯ) ಕಪಾಟನ್ನು ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಮೊದಲಿನಂತೆ ಹಿಡಿಯುವುದಿಲ್ಲ, ನೀರು ತಾಗಿದ್ದರಂತೂ ಉಬ್ಬಿಹೋಗಿರುತ್ತದೆ. ಗಟ್ಟಿ ಮರದ್ದು, ಕಬ್ಬಿಣದ್ದು ಹಳೆಯದಾದರೂ ರಿಪೇರಿಗೆ ಬರುತ್ತದೆ. ಮಗುವಿನ ಮಂಚದ ಒಂದು ಪಕ್ಕ ಕೆಳಗಿಳಿಯುವಂತಿದ್ದರೆ ತೆಗೆದುಕೊಳ್ಳಲೇಬೇಡಿ. ಶಿಶುಗಳು ಸಿಕ್ಕಿಕೊಂಡು ಸತ್ತ ಮೇಲೆ ಅಮೆರಿಕ 2011ರಲ್ಲಿ ಅಂಥವುಗಳ ಮಾರಾಟವನ್ನೇ ನಿಷೇಧಿಸಿತು. ಎತ್ತರದ ಡ್ರಾಯರ್ ಕಪಾಟು ಕೊಟ್ಟರೆ ಅದನ್ನು ಗೋಡೆಗೆ ಬಿಗಿದೇ ಬನ್ನಿ. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತಿದರೆ ಕಪಾಟು ಮೈಮೇಲೇ ಬೀಳುತ್ತದೆ.

ನನಗೆ ಎಲ್ಲಕ್ಕಿಂತ ಭಯ ತಿಗಣೆಯದು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುವ ಹುಳು ಅದು, 'ಸ್ವಲ್ಪ ದಿನ ಗೋದಾಮಿನಲ್ಲಿಟ್ಟರೆ ಸಾಯುತ್ತದೆ' ಅನ್ನುವ ಮಾತನ್ನು ನಂಬಬೇಡಿ. ಒಂದು ಸೋಫಾದಿಂದ ಇಡೀ ಗೋದಾಮಿಗೆ, ಅಲ್ಲಿಂದ ಆಗಷ್ಟೇ ನೆಲೆ ಕಂಡ ಮನೆಗಳಿಗೆ ಹರಡುತ್ತದೆ. ಟಾರ್ಚ್ ಹಿಡಿದು ಹೊಲಿಗೆಯ ಸಾಲು, ಮಂಚದ ಸಂದು, ಸೋಫಾದ ಅಡಿಬಟ್ಟೆ ನೋಡಿ. ಕಪ್ಪು ಚುಕ್ಕೆಗಳೋ ಕಳಚಿದ ಪೊರೆಯೋ ಕಂಡರೆ ಗಾಡಿಗೆ ಏರಿಸಲೇಬೇಡಿ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ, ನಿಜ. ಆದರೆ ಆ ಶಾಖ ದಪ್ಪ ಹಾಸಿಗೆಯ ಒಳಗಿನವರೆಗೂ ಮುಟ್ಟಬೇಕು, ಬಿಸಿಲಿಗೆ ಹಾಕಿದ ಮಾತ್ರಕ್ಕೆ ಅದಾಗುವುದಿಲ್ಲ. ಅದಕ್ಕೇ ಬೇರೆಯವರು ಬಳಸಿದ ಹಾಸಿಗೆಯನ್ನು ನಾವು ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಡುತ್ತೇವೆ ಅನ್ನುವವರಿಗೆ ಹೊಸ ಹಾಸಿಗೆ ಕೊಡಿಸಿ ಅನ್ನುತ್ತೇವೆ.

ಸಾಮಾನು ಪುಕ್ಕಟೆ ಬಂದರೂ ಗಾಡಿ, ಡೀಸೆಲ್, ಎತ್ತಿ ಇಳಿಸುವವರ ಕೂಲಿ ಪುಕ್ಕಟೆಯಲ್ಲ. ಸಾಗಣೆ ಖರ್ಚನ್ನು ದಾನಿಗಳ ಹತ್ತಿರ ಸಂಕೋಚವಿಲ್ಲದೆ ಕೇಳಿ, ಬಹಳ ಜನ ಕೊಡುತ್ತಾರೆ.

ಇನ್ನೊಂದು ಮಾತು, ಇದು ನನಗೆ ತುಂಬ ಮುಖ್ಯ. ಸಾಮಾನು ಬೇಕಾದ ಮನೆಯವರನ್ನೇ ಗೋದಾಮಿಗೆ ಕರೆಸಿ, ಅವರೇ ಆರಿಸಿಕೊಳ್ಳಲಿ. ಬಣ್ಣ ಹಿಡಿಸಲಿಲ್ಲ ಅಂದರೆ ಬಿಡಲಿ. ಕಷ್ಟದಲ್ಲಿದ್ದಾರೆ ಅಂದ ಮಾತ್ರಕ್ಕೆ ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಿರಬೇಕು ಅನ್ನುವುದು ಅನ್ಯಾಯ. ಕೊಡುವಾಗ ಅವರನ್ನು ನಿಲ್ಲಿಸಿ ಫೋಟೋ ತೆಗೆಯುವುದೂ ಬೇಡ. ದಾನಿಗಳು ಕೇಳಿದರೆ ಮಂಚದ ಫೋಟೋ ಕಳಿಸಿ.

ಆರಂಭಕ್ಕೆ ಮಂಚ, ಹಾಸಿಗೆ, ಬೀರು ಈ ಮೂರೇ ಇರಲಿ. ಪಟ್ಟಿಯಲ್ಲಿರುವವರಿಗೆಲ್ಲ ಇವು ತಲುಪಿದ ಮೇಲೆ ಸೋಫಾದ ಫೋನುಗಳಿಗೆ ಉತ್ತರ ಕೊಟ್ಟರಾಯಿತು.