ನಿಮ್ಮ ಭಾಷೆಯಿಂದ ಜಾವಾ ಬೈಟ್‌ಕೋಡ್: ಆ ವೆರಿಫೈ ಎರರ್ ಬಗ್ಗೆ

ಕನ್ನಡ ಪದಗಳ ನಿಮ್ಮ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೂಡಿಸಿ ಗುಣಿಸುವ ಲೆಕ್ಕ ಸರಿಯಾಗಿ ಓಡುತ್ತದೆ, ಆದರೆ ಇಫ್-ಎಲ್ಸ್ ಸೇರಿಸಿದ ಕೂಡಲೇ ಜೆವಿಎಂ (ಜಾವಾ ಬೈಟ್‌ಕೋಡ್ ಓಡಿಸುವ ವರ್ಚುವಲ್ ಯಂತ್ರ) ವೆರಿಫೈ ಎರರ್ ಕೊಡುತ್ತದೆ, ಅಂದರೆ ಓಡಿಸುವ ಮೊದಲಿನ ತಪಾಸಣೆಯಲ್ಲೇ ಕೋಡನ್ನು ತಿರಸ್ಕರಿಸುತ್ತದೆ ಅಂತ ಬರೆದಿದ್ದೀರಿ. ಬೈಟ್‌ಕೋಡ್ ಇರುವ ಕ್ಲಾಸ್ ಫೈಲ್‌ನ ಆವೃತ್ತಿ 52, ಬೈಟ್‌ಗಳನ್ನು ನೀವೇ ಕೈಯಾರೆ ಬರೆಯುತ್ತಿದ್ದೀರಿ, ಅಲ್ವಾ? ತೊಂದರೆ ಅಲ್ಲೇ ಇದೆ.

ಜೆವಿಎಂ ಕೆಲಸವೆಲ್ಲ ಸ್ಟ್ಯಾಕ್ ಮೇಲೆ. 2 + 3 × 4 ಅಂದರೆ 2, 3, 4 ಮೂರನ್ನೂ ಒಂದರ ಮೇಲೊಂದು ಇಟ್ಟು, ಮೊದಲು ಐಮಲ್ (ಮೇಲಿನ ಎರಡನ್ನು ಗುಣಿಸು), ಆಮೇಲೆ ಐಆ್ಯಡ್ (ಕೂಡಿಸು). ಇಲ್ಲಿ ಜಿಗಿತವೇ ಇಲ್ಲ, ಅದಕ್ಕೇ ಸಲೀಸಾಗಿ ಓಡಿತು. ಇಫ್ ಬಂದರೆ ದಾರಿ ಎರಡಾಗಿ ಮತ್ತೆ ಒಂದು ಕಡೆ ಕೂಡುತ್ತದೆ. ಆವೃತ್ತಿ 51ರಿಂದ, ಅಂದರೆ ಜಾವಾ 7ರಿಂದ, ಜಿಗಿದು ಬಂದು ಸೇರುವ ಪ್ರತಿ ಜಾಗದಲ್ಲೂ ಸ್ಟ್ಯಾಕ್ ಮೇಲೆ ಏನಿದೆ, ಲೋಕಲ್ ವೇರಿಯಬಲ್‌ಗಳ ಟೈಪ್ ಏನು ಅಂತ ಸ್ಟ್ಯಾಕ್‌ಮ್ಯಾಪ್ ಫ್ರೇಮ್ ಬರೆದು ಕೊಡಲೇಬೇಕು. ನಿಮ್ಮ ಕೋಡ್‌ನಲ್ಲಿ ಅದು ಇಲ್ಲ.

ಆವೃತ್ತಿಯನ್ನು 49ಕ್ಕೆ ಇಳಿಸಿದರೆ ಹಳೆಯ ವೆರಿಫೈಯರ್ (ತಪಾಸಣೆ ಮಾಡುವ ಭಾಗ) ಓಡುತ್ತದೆ, ಫ್ರೇಮ್ ಕೇಳುವುದಿಲ್ಲ. ಪರೀಕ್ಷೆಗೆ ಸಾಕು. ಆದರೆ ಮುಂದೆ ಟೈಪ್ ಇಲ್ಲದ ವೇರಿಯಬಲ್‌ಗಳಿಗೆ ಇನ್ವೋಕ್‌ಡೈನಮಿಕ್ (ಯಾವ ಮೆಥಡ್ ಕರೆಯಬೇಕೆಂದು ಓಡುವಾಗ ನಿರ್ಧರಿಸುವ ಆದೇಶ) ಬೇಕಾದಾಗ ಸಿಕ್ಕಿಬೀಳುತ್ತೀರಿ, ಅದು 51ರಿಂದಲೇ ಇರುವುದು. ನನ್ನ ಮಾತು ಕೇಳಿ, ಬೈಟ್‌ಕೋಡ್ ಬರೆದುಕೊಡುವ ಎಎಸ್‌ಎಂ ಲೈಬ್ರರಿ ಬಳಸಿ. ಅದರ ಕ್ಲಾಸ್‌ರೈಟರ್‌ಗೆ ಕಂಪ್ಯೂಟ್ ಫ್ರೇಮ್ಸ್ ಆಯ್ಕೆ ಕೊಟ್ಟರೆ ಫ್ರೇಮ್ ಲೆಕ್ಕ ಅದೇ ಮಾಡುತ್ತದೆ. ಒಂದು ಎಚ್ಚರ: ಎರಡು ಟೈಪ್‌ಗಳು ಕೂಡುವ ಕಡೆ ಅವೆರಡಕ್ಕೂ ಸಾಮಾನ್ಯವಾದ ಸೂಪರ್‌ಕ್ಲಾಸ್ ಹುಡುಕಲು ಅದು ಕ್ಲಾಸ್‌ಗಳನ್ನು ಲೋಡ್ ಮಾಡಲು ಹೋಗುತ್ತದೆ. ನೀವು ಇನ್ನೂ ಬರೆಯುತ್ತಿರುವ ಕ್ಲಾಸ್ ಅದಕ್ಕೆ ಸಿಗುವುದಿಲ್ಲ. ಅದಕ್ಕೇ ಆ ಹುಡುಕಾಟ ಮಾಡುವ ಗೆಟ್‌ಕಾಮನ್‌ಸೂಪರ್‌ಕ್ಲಾಸ್ ಮೆಥಡ್ ಓವರ್‌ರೈಡ್ ಮಾಡಿಕೊಳ್ಳಿ.

ಇಷ್ಟಾದ ಮೇಲೂ ಎರರ್ ಬಂದರೆ ತಪ್ಪು ನಿಮ್ಮ ಕೋಡ್ ಜನರೇಟರ್‌ನಲ್ಲೇ ಇದೆ. ನಾನು ಎರಡು ಸಂಜೆ ಒದ್ದಾಡಿದ್ದು ಇದರಲ್ಲೇ: ಲೂಪ್ ಒಳಗೆ ಫಂಕ್ಷನ್ ಕರೆದು, ಅದು ಕೊಟ್ಟ ಬೆಲೆಯನ್ನು ಪಾಪ್ ಮಾಡದೆ (ಸ್ಟ್ಯಾಕ್‌ನಿಂದ ತೆಗೆಯದೆ) ಸುಮ್ನೆ ಬಿಟ್ಟಿದ್ದೆ. ಪ್ರತಿ ಸುತ್ತಿಗೂ ಸ್ಟ್ಯಾಕ್ ಒಂದು ಮೆಟ್ಟಿಲು ಏರುತ್ತದೆ, ವೆರಿಫೈಯರ್ ಒಪ್ಪುವುದಿಲ್ಲ. ಲಾಂಗ್, ಡಬಲ್ ಆದರೆ ಎರಡು ಜಾಗ ಹಿಡಿಯುತ್ತವೆ, ಅವಕ್ಕೆ ಪಾಪ್2 ಬೇಕು.

ಮೆಥಡ್ ಹೆಸರು ಕನ್ನಡದಲ್ಲೇ ಇರಲಿ, ಇಂಗ್ಲಿಷ್‌ಗೆ ತಿರುಗಿಸಬೇಡಿ. ಜೆವಿಎಂಗೆ ಅದರಿಂದ ಏನೂ ತೊಂದರೆ ಇಲ್ಲ. ಚುಕ್ಕೆ, ಸೆಮಿಕೋಲನ್, ಓರೆಗೆರೆಯಂಥ ಕೆಲವು ಚಿಹ್ನೆಗಳಷ್ಟೇ ನಿಷಿದ್ಧ.

ಈಗ ಅದೇ ಇಫ್ ಅನ್ನು ಜಾವಾದಲ್ಲಿ ಬರೆದು ಕಂಪೈಲ್ ಮಾಡಿ. ಅದನ್ನೂ ನಿಮ್ಮ ಕ್ಲಾಸ್ ಫೈಲನ್ನೂ ಕ್ಲಾಸ್ ಫೈಲ್ ಒಳಗಿನದನ್ನು ತೋರಿಸುವ ಜಾವಾಪಿ (javap) ಟೂಲ್‌ನಲ್ಲಿ ವರ್ಬೋಸ್ ಆಯ್ಕೆಯೊಂದಿಗೆ ತೆರೆದು ಪಕ್ಕಪಕ್ಕ ಇಟ್ಟು ನೋಡಿ. ಆಗಲೂ ತಿಳಿಯದಿದ್ದರೆ ಎರಡನ್ನೂ ಇಲ್ಲಿ ಹಾಕಿ, ಕೂತು ನೋಡುತ್ತೇನೆ.